ಆಗ್ರಾದಲ್ಲಿ ಒಂದು ದಿನ: ನೋಡುವುದು, ಉಣ್ಣುವುದು

(ಉತ್ತರದ ಪ್ರವಾಸಕ್ಕೆ ಹೊರಟಿರುವ ತೋಟದ ಕುಟುಂಬಗಳ ಕೂಟದಲ್ಲಿ, ಬಾಯಾರಿನಲ್ಲಿ ಮಾಡಿದ ಭಾಷಣ)



ಬರುವ ಫೆಬ್ರವರಿಯಲ್ಲಿ ನಮ್ಮ ಕೆಲವು ಕುಟುಂಬಗಳು ಆಗ್ರಾ ಮತ್ತು ದೆಹಲಿ ನೋಡಲು ಹೊರಟಿವೆ. ಆಗ ರಬ್ಬರು ಮರಗಳು ಎಲೆ ಉದುರಿಸಿ ನಿಂತಿರುತ್ತವೆ, ಟ್ಯಾಪಿಂಗಿಗೆ ಬಿಡುವು. ಗೇರುಬೀಜ ಹೆಕ್ಕುವ ಗಡಿಬಿಡಿ ಇನ್ನೂ ಜೋರಾಗಿರುವುದಿಲ್ಲ. ತಿಂಗಳು ತಿಂಗಳು ಚೀಟಿ ಕಟ್ಟಿ ಕೂಡಿಸಿದ ಹಣ, ಅದರ ಮೇಲೆ ಒಂದು ವಾರದ ಕೂಲಿ ಬಿಟ್ಟು ಹೋಗುವ ಪ್ರಯಾಣ. ಆದ್ದರಿಂದ ಹೋಗುವ ಮೊದಲು ನಾಲ್ಕು ಮಾತು ಹೇಳಿರೆಂದು ಹಿರಿಯರು ನಮ್ಮನ್ನು ಕೇಳಿಕೊಂಡಿದ್ದಾರೆ. ನಾವು ಎಂದರೆ ಹಿಂದಿನ ಸಲ ಹೋಗಿ ಬಂದವರು. ನಾವೇನೂ ತಿಳಿದವರಲ್ಲ, ತಪ್ಪು ಮಾಡಿ ಕಲಿತವರು. ಆ ತಪ್ಪನ್ನೇ ಮೊದಲು ಹೇಳಿಬಿಡುತ್ತೇವೆ.

ಹಿಂದಿನ ಸಲ ನಾವು ಬುಧವಾರ ರಾತ್ರಿ ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದೆವು. ರೈಲಿನಲ್ಲಿ ಎರಡು ರಾತ್ರಿ ಕಳೆದರೆ ಆಗ್ರಾ. ಬುಧವಾರದ ಮೇಲೆ ಗುರುವಾರ, ಗುರುವಾರದ ಮೇಲೆ ಶುಕ್ರವಾರ ಎಂದು ನಮ್ಮಲ್ಲಿ ಒಬ್ಬರೂ ಬೆರಳು ಮಡಚಿ ಎಣಿಸಲಿಲ್ಲ. ತಾಜಮಹಲಿಗೆ ಪ್ರತಿ ಶುಕ್ರವಾರ ರಜೆ. ಮಧ್ಯಾಹ್ನ ಅಲ್ಲಿನ ಮಸೀದಿಗೆ ನಮಾಜಿಗೆ ಬರುವವರ ಹೊರತು ಬೇರೆ ಯಾರನ್ನೂ ಒಳಗೆ ಬಿಡುವುದಿಲ್ಲ. ಪ್ರವಾಸ ಏರ್ಪಾಡು ಮಾಡಿದವರು ಕೊಟ್ಟ ಕಾಗದದಲ್ಲಿ ‘ಆಗ್ರಾ ದರ್ಶನ’ ಎಂದಿತ್ತೇ ಹೊರತು ವಾರದ ಹೆಸರಿರಲಿಲ್ಲ. ನಾವೂ ಕೇಳಲಿಲ್ಲ. ಅದೇ ಸಂಜೆ ದೆಹಲಿಗೆ ಬಸ್ಸು.

ನಮ್ಮ ಜೊತೆ ಒಬ್ಬರು ಅಜ್ಜಿ ಇದ್ದರು. ಮೂವತ್ತು ವರ್ಷಕ್ಕೂ ಮೇಲೆ ಗೇರು ತೋಟದಲ್ಲಿ ದುಡಿದವರು. ಹಳೆಯ ಕ್ಯಾಲೆಂಡರಿನಲ್ಲಿದ್ದ ತಾಜಮಹಲಿನ ಚಿತ್ರವನ್ನು ವರ್ಷ ಮುಗಿದ ಮೇಲೂ ಬಿಸಾಡದೆ ಗೋಡೆಯಲ್ಲಿ ಇಟ್ಟುಕೊಂಡವರು. ಮುಚ್ಚಿದ ಬಾಗಿಲಿನ ಮುಂದೆ ನಿಂತು, “ಇಷ್ಟು ದೂರ ಬಂದದ್ದು ಗೋಡೆ ನೋಡಲಿಕ್ಕಾ ಮಕ್ಕಳೇ?” ಎಂದರು. ಯಾರನ್ನೂ ಬೈಯಲಿಲ್ಲ. ಆಮೇಲೆ ನಮ್ಮನ್ನು ಒಂದು ಅಮೃತಶಿಲೆಯ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಎರಡು ಗಂಟೆ ಹೋಯಿತು. ಊಟ ಸಿಕ್ಕಿದಾಗ ಮೂರೂವರೆ ದಾಟಿತ್ತು. ಸಕ್ಕರೆ ಕಾಯಿಲೆಯ ಒಬ್ಬ ಅಣ್ಣನಿಗೆ ಅಷ್ಟರಲ್ಲಿ ಕೈಕಾಲು ನಡುಗಿ ತಲೆಸುತ್ತು ಬಂದಿತ್ತು.

ನಮಗೆ ಹೆಚ್ಚು ನೋವಾದದ್ದು ಊರಿಗೆ ಬಂದ ಮೇಲೆ. ಶುಕ್ರವಾರವೂ ಆಗ್ರಾ ಕೋಟೆ ತೆರೆದಿರುತ್ತದೆ. ಅಲ್ಲಿಂದ ತಾಜಮಹಲು ಕಾಣುತ್ತದೆ. ಯಮುನಾ ನದಿಯ ಆಚೆ ದಡದಲ್ಲಿ ಮೆಹತಾಬ್ ಬಾಗ್ ಎಂಬ ತೋಟ ಉಂಟು. ಅಲ್ಲಿ ನಿಂತರೆ ತಾಜಮಹಲು ನೇರ ಎದುರಿಗೆ. ಅದೂ ಶುಕ್ರವಾರ ತೆರೆದಿರುತ್ತದೆ. ನಾವು ಅಂಗಡಿಯಲ್ಲಿ ಕಳೆದ ಎರಡು ಗಂಟೆಯಲ್ಲಿ ಅಜ್ಜಿಗೆ ತಾಜಮಹಲು ತೋರಿಸಬಹುದಾಗಿತ್ತು. ಕೇಳಿ ತಿಳಿಯದೆ ಹೋದುದರಿಂದ ಅದು ತಪ್ಪಿತು.

ಆ ಅಜ್ಜಿ ಈಗ ಮುಂದಿನ ಬೆಂಚಿನಲ್ಲಿಯೇ ಕುಳಿತಿದ್ದಾರೆ. ಅವರನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇವೆ. ಈ ಸಲ ಪುನಃ ಬರಲು ಅವರಿಗೆ ಮನಸ್ಸುಂಟು. ಆದರೆ ಮೊಣಕಾಲು ನೋವು. ‘ಅವರನ್ನು ಕರೆದುಕೊಂಡು ಹೋದರೆ ಎಲ್ಲರಿಗೂ ತಡ’ ಎಂದು ನಮ್ಮೊಳಗೇ ಕೆಲವರು ಹೇಳಿದ್ದಾರೆ. ಅದು ಅವರ ಕಿವಿಗೂ ಬಿದ್ದಿದೆ. ಹಾಗಾದರೆ ನಿಧಾನ ನಡೆಯುವವರೂ ನೋಡಿ ಬರುವಂತೆ ಆ ಒಂದು ದಿನವನ್ನು ಹೊಂದಿಸಲಿಕ್ಕೆ ಆಗುವುದಿಲ್ಲವೋ? ಆಗುತ್ತದೆ ಎಂದೇ ನಮ್ಮ ಎಣಿಕೆ. ಹೇಗೆಂದು ಹೇಳುತ್ತೇವೆ.

ಮೊದಲನೆಯದು ವಾರ. ಆಗ್ರಾದಲ್ಲಿ ತಾಜಮಹಲಿಗೆ ಶುಕ್ರವಾರ ರಜೆಯಾದರೆ ದೆಹಲಿಯ ಕೆಂಪು ಕೋಟೆಗೆ ಸೋಮವಾರ ರಜೆ. ಈ ಎರಡು ವಾರಗಳನ್ನು ತಪ್ಪಿಸಿ ಹೊರಡಬೇಕು. ಭಾನುವಾರ ಆರಾಧನೆ ಮುಗಿಸಿ, ಸಂಜೆ ಉಪ್ಪಳಕ್ಕೆ ಬಸ್ಸಿನಲ್ಲಿ ಇಳಿದು, ಕಾಸರಗೋಡಿಗೆ ಹೋಗಿ ರಾತ್ರಿಯ ರೈಲು ಹತ್ತಿದರೆ ಮಂಗಳವಾರ ಆಗ್ರಾ. ಮಂಗಳವಾರ ರಾತ್ರಿ ಅಲ್ಲೇ ತಂಗಬೇಕು. ಬುಧವಾರ ಬೆಳಿಗ್ಗೆ ತಾಜಮಹಲು, ಮಧ್ಯಾಹ್ನದ ಮೇಲೆ ದೆಹಲಿ. ಗುರುವಾರವೂ ಶುಕ್ರವಾರವೂ ದೆಹಲಿಗೆ ಸಿಗುತ್ತವೆ. ರೈಲಿನ ಸಮಯ ಬದಲಾಗುವುದುಂಟು. ಚೀಟು ಮಾಡಿಸುವಾಗಲೇ ಸ್ಟೇಷನಿನಲ್ಲಿ ಕೇಳಿ ಬರೆದುಕೊಳ್ಳೋಣ. ಒಂದು ರಾತ್ರಿಯ ಬಾಡಿಗೆ ಹೆಚ್ಚಾಗುತ್ತದೆ, ನಿಜ. ಆದರೆ ಎರಡು ರಾತ್ರಿ ರೈಲಿನಲ್ಲಿ ಕುಳಿತು ಬಂದ ಮುದುಕರನ್ನು ಇಳಿದ ಕೂಡಲೇ ಬಿಸಿಲಿನಲ್ಲಿ ಸರದಿಗೆ ನಿಲ್ಲಿಸಿದರೆ ಆ ಹಣ ಬೇರೆ ದಾರಿಯಲ್ಲಿ ಖರ್ಚಾಗುತ್ತದೆ.

ಎರಡನೆಯದು ಹೊತ್ತು. ಮಂಗಳವಾರ ಇಳಿದು, ಮಿಂದು, ಊಟ ಮಾಡಿ, ಒಂದು ಗಂಟೆ ಮಲಗೋಣ. ಸಂಜೆ ಮೆಹತಾಬ್ ಬಾಗ್ ಒಂದೇ ಸಾಕು. ಅಲ್ಲಿ ಮೆಟ್ಟಿಲು ಹತ್ತುವ ಕಷ್ಟವಿಲ್ಲ. ನದಿಯ ಆಚೆ ತಾಜಮಹಲನ್ನು ನೋಡುತ್ತಾ ಕುಳಿತುಕೊಳ್ಳಬಹುದು. ಮರುದಿನ ಏನೇ ಆಗಲಿ, ಅಷ್ಟು ನೋಡಿದ್ದು ನೋಡಿದ್ದೇ.

ಬುಧವಾರ ಬೆಳಿಗ್ಗೆ ಎಲ್ಲರೂ ಬೇಗ ಏಳಬೇಕು. ಟ್ಯಾಪಿಂಗಿಗೆ ಬೆಳಕು ಹರಿಯುವ ಮೊದಲೇ ಹೊರಡುವ ನಮಗೆ ಇದು ಹೊಸತಲ್ಲ. ತಾಜಮಹಲು ಸೂರ್ಯೋದಯದಿಂದ ಸೂರ್ಯಾಸ್ತದ ವರೆಗೆ ತೆರೆದಿರುತ್ತದೆ. ಬೆಳಿಗ್ಗೆ ಜನ ಕಡಿಮೆ, ಬಿಸಿಲೂ ಕಡಿಮೆ. ಚಳಿ ಇರುತ್ತದೆ, ಸ್ವೆಟರು, ಶಾಲು ಬೇಕು. ಹೊಗೆಯಿಂದ ಕಲ್ಲು ಕೆಡಬಾರದೆಂದು ಪೆಟ್ರೋಲು, ಡೀಸೆಲು ಗಾಡಿಗಳನ್ನು ದೂರದಲ್ಲೇ ನಿಲ್ಲಿಸುತ್ತಾರೆ. ಅಲ್ಲಿಂದ ಬಾಗಿಲಿನ ವರೆಗೆ ಬ್ಯಾಟರಿ ಗಾಡಿ ಸಿಗುತ್ತದೆ. ಮೊಣಕಾಲು ನೋವಿನವರು ನಡೆಯಬೇಕಾಗಿಲ್ಲ. ಗಾಲಿ ಕುರ್ಚಿ ಬೇಕಾದರೆ ಬಾಗಿಲಿನಲ್ಲಿ ಕೇಳಬೇಕು. ಕೇಳಲು ನಾಚಿಕೆ ಏಕೆ?

ಟಿಕೆಟು ನಮ್ಮ ದೇಶದವರಿಗೆ 50 ರೂಪಾಯಿ. ಮೇಲೆ ಹತ್ತಿ ಗೋರಿ ಇರುವ ಮುಖ್ಯ ಕಟ್ಟಡದೊಳಗೆ ಹೋಗಬೇಕಾದರೆ 200 ರೂಪಾಯಿ ಹೆಚ್ಚಿಗೆ. ಇದು 2018ರ ಡಿಸೆಂಬರಿನಲ್ಲಿ ಬಂದ ದರ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟಿಲ್ಲ. ಹೊರಡುವ ಮೊದಲು ಇನ್ನೊಮ್ಮೆ ವಿಚಾರಿಸೋಣ. ಐದು ಮಂದಿಯ ಮನೆಗೆ ಆ ಇನ್ನೂರು ಸಣ್ಣ ಮೊತ್ತವಲ್ಲ. ಎಲ್ಲರೂ ಒಳಗೆ ಹೋಗಲೇಬೇಕೆಂದಿಲ್ಲ. ಹೊರಗಿನ ತೋಟದಿಂದಲೇ ಕಟ್ಟಡದ ಅಂದ ಪೂರ್ತಿ ಕಾಣುತ್ತದೆ. ಹೋಗುವವರು ಹೋಗಲಿ, ಹೋಗದವರನ್ನು ಯಾರೂ ಹಾಸ್ಯ ಮಾಡಬಾರದು.

ತಿಂಡಿ ಪೊಟ್ಟಣ, ಬೀಡಿ, ಬೆಂಕಿಪೆಟ್ಟಿಗೆ, ಹೊಗೆಸೊಪ್ಪು, ಚೂರಿ ಇವನ್ನು ಒಳಗೆ ಬಿಡುವುದಿಲ್ಲ. ಎಲೆ ಅಡಿಕೆಯ ಚೀಲವನ್ನು ಕೋಣೆಯಲ್ಲೇ ಇಟ್ಟು ಬನ್ನಿ. ಕುಡಿಯುವ ನೀರು ಕೊಂಡುಹೋಗಬಹುದು. ಆಧಾರ್ ಕಾರ್ಡು ಪ್ರತಿಯೊಬ್ಬರ ಕೈಯಲ್ಲಿಯೇ ಇರಲಿ.

ಒಳಗೆ ನಿಂತಾಗ ಮಕ್ಕಳಿಗೆ ಇಷ್ಟು ಹೇಳಿ. ಷಹಜಹಾನ್ ಬಾದಶಹನ ಪತ್ನಿ ಮುಮ್ತಾಜ್ 1631ರಲ್ಲಿ ತೀರಿಕೊಂಡಳು. ಮರುವರ್ಷ ಕೆಲಸ ಶುರುವಾಯಿತು. ಪೂರ್ತಿ ಮುಗಿಯಲು ಇಪ್ಪತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಬಿಳಿ ಕಲ್ಲು ರಾಜಸ್ಥಾನದ ಮಕ್ರಾನಾದಿಂದ ಬಂತು. ಇಪ್ಪತ್ತು ಸಾವಿರ ಮಂದಿ ದುಡಿದರೆಂದು ಹೇಳುತ್ತಾರೆ. ಕಲ್ಲು ಹೊತ್ತವರು, ಕೆತ್ತಿದವರು, ಅವರಿಗೆ ಬೇಯಿಸಿ ಹಾಕಿದವರು, ಎಲ್ಲರೂ ನಮ್ಮಂಥವರೇ.

ತಾಜಮಹಲಿನಿಂದ ಬಂದು ತಿಂಡಿ ತಿಂದು, ಶಕ್ತಿ ಇದ್ದವರು ಕೋಟೆಗೆ ಹೋಗಲಿ. 1658ರಲ್ಲಿ ಮಗ ಔರಂಗಜೇಬನು ಷಹಜಹಾನನನ್ನು ಅಲ್ಲಿಯೇ ಸೆರೆಯಲ್ಲಿಟ್ಟನು. 1666ರಲ್ಲಿ ಸಾಯುವ ತನಕ ಬಾದಶಹನೂ ತಾಜಮಹಲನ್ನು ದೂರದಿಂದಲೇ ನೋಡಬೇಕಾಯಿತು. ಕೋಟೆಯಲ್ಲಿ ಏರು ದಾರಿ ಹೆಚ್ಚು. ಆಗದವರು ಕೋಣೆಯಲ್ಲಿ ಮಲಗಲಿ. ಆದರೆ ಅವರ ಜೊತೆ ಒಬ್ಬರು ನಿಲ್ಲಲೇಬೇಕು. ಪ್ರಾರ್ಥನೆಗೆ ಹೋಗಲು ಆಸೆಯುಳ್ಳವರಿಗೆ ಅಕ್ಬರನ ಚರ್ಚು ಎಂದು ಕರೆಯುವ ಹಳೆಯ ದೇವಾಲಯವೂ ಉಂಟು. ಅಕ್ಬರನ ಅನುಮತಿಯಿಂದ ಜೆಸ್ವಿತ್ ಪಾದ್ರಿಗಳು 1600ರ ಸುಮಾರಿಗೆ ಅದನ್ನು ಕಟ್ಟಿಸಿದರು. ಎಲ್ಲವನ್ನೂ ಒಂದೇ ದಿನಕ್ಕೆ ತುರುಕುವುದು ಬೇಡ. ಎರಡು ಜಾಗ ನೋಡಿ ಮನಸ್ಸಿನಲ್ಲಿ ಉಳಿದರೆ ಸಾಕು.

ಮೂರನೆಯದು ಊಟ. ಜಗಳ ಹುಟ್ಟುವುದು ಇಲ್ಲಿಯೇ. ನಮ್ಮದು ಕುಚ್ಚಿಲಕ್ಕಿ ಗಂಜಿ, ತೆಂಗಿನೆಣ್ಣೆ. ಅಲ್ಲಿಯದು ರೊಟ್ಟಿ, ಬೇಳೆ, ಆಲೂಗಡ್ಡೆ. ಕೆಲವು ಕಡೆ ಸಾಸಿವೆ ಎಣ್ಣೆಯ ಅಡಿಗೆ, ಅದರ ವಾಸನೆ ಕೆಲವರಿಗೆ ಹಿಡಿಸುವುದಿಲ್ಲ. ಹಿಡಿಸಲಿಲ್ಲ ಎಂದು ಬಡಿಸಿದವರ ಮುಂದೆ ಮುಖ ಸಿಂಡರಿಸಬಾರದು. ಅವಲಕ್ಕಿ, ಬೆಲ್ಲ, ಚಟ್ನಿಪುಡಿ, ಉಪ್ಪಿನಕಾಯಿ ಇಲ್ಲಿಂದಲೇ ಕಟ್ಟಿಕೊಂಡು ಹೋಗೋಣ. ಕುಡಿಯಲು ಕಾಯಿಸಿದ ನೀರು, ಇಲ್ಲವೆ ಮುಚ್ಚಳ ಒಡೆಯದ ಬಾಟಲಿಯ ನೀರು.

ಬೆಳಿಗ್ಗೆ ಎಂಟೂವರೆಯೊಳಗೆ ತಿಂಡಿ, ಒಂದು ಗಂಟೆಯೊಳಗೆ ಊಟ, ರಾತ್ರಿ ಎಂಟಕ್ಕೆ ಊಟ. ಈ ಮೂರು ಹೊತ್ತನ್ನು ಕಾಗದದಲ್ಲಿ ಬರೆದು ಪ್ರವಾಸದವರ ಕೈಯಿಂದ ಒಪ್ಪಿಗೆ ಪಡೆಯೋಣ. ಸಕ್ಕರೆ ಕಾಯಿಲೆಯವರು ಒಂದೆರಡು ಬಿಸ್ಕತ್ತು ಪೊಟ್ಟಣ ಚೀಲದಲ್ಲಿ ಇಟ್ಟುಕೊಂಡಿರಲಿ. ಹೋಟೆಲಿನಲ್ಲಿ ಕುಳಿತುಕೊಳ್ಳುವ ಮೊದಲೇ “ಥಾಲಿ ಕಿತನೇ ಕಾ?” ಎಂದು ಕೇಳಬೇಕು. ಹೆಚ್ಚಿಗೆ ರೊಟ್ಟಿಗೆ ಬೇರೆ ಹಣವೋ ಎಂದೂ ಕೇಳಬೇಕು. ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜು’ ಎಂದು ಸೇರಿಸಿದ್ದರೆ ಅದು ಬಲವಂತದ್ದಲ್ಲ. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಹಾಗೆಂದು ಹೇಳಿದೆ. ತೆಗೆಯಿರಿ ಎಂದು ಮರ್ಯಾದೆಯಿಂದ ಹೇಳಬಹುದು. ಸರಕಾರದ ತೆರಿಗೆ ಬೇರೆ, ಅದನ್ನು ಕೊಡಬೇಕು.

ಆಗ್ರಾದ ಪೇಠಾ ಎಂಬ ಸಿಹಿಯನ್ನು ಕೊಳ್ಳದೆ ಬರಬೇಡಿ. ಅದು ಯಾವುದರದ್ದು ಗೊತ್ತೋ? ನಮ್ಮ ಬೂದುಗುಂಬಳದ್ದು! ನಾವು ಸಾಂಬಾರಿಗೆ ಹಾಕುವುದನ್ನು ಅವರು ಸಕ್ಕರೆ ಪಾಕದಲ್ಲಿ ಬೇಯಿಸಿ ಮಾರುತ್ತಾರೆ. ಮನೆಯವರಿಗೆ ತರಲು ಅದೇ ಸಾಕು. ಗಾಡಿಯವರು ಅಂಗಡಿಗೆ ಕರೆದೊಯ್ದರೆ, ‘ನಾವು ಕೊಳ್ಳುವುದಿಲ್ಲ, ಮುಂದೆ ನಡೆಯಿರಿ’ ಎಂದು ಎಲ್ಲರೂ ಒಂದೇ ಬಾಯಿಯಿಂದ ಹೇಳಬೇಕು. ಕೆಲವು ಅಂಗಡಿಗಳು ಜನರನ್ನು ಕರೆತಂದವರಿಗೆ ಕಮಿಷನ್ನು ಕೊಡುತ್ತವೆ. ಒಬ್ಬರು ಇಳಿದರೆ ಎಲ್ಲರ ಹೊತ್ತೂ ಹೋಯಿತು.

ದೆಹಲಿಯ ಊಟದ ಬಗ್ಗೆಯೂ ಎರಡು ಮಾತು. ಬಂಗ್ಲಾ ಸಾಹಿಬ್ ಗುರುದ್ವಾರದಲ್ಲಿ ಬಂದವರೆಲ್ಲರಿಗೂ ಲಂಗರಿನ ಊಟ ಹಾಕುತ್ತಾರೆ, ಹಣ ಕೇಳುವುದಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು, ತಲೆಗೆ ಬಟ್ಟೆ ಹಾಕಿ ಒಳಗೆ ಹೋಗಬೇಕು. ನಮ್ಮ ಬೈರಾಸು ಸಾಕಾಗುತ್ತದೆ. ಧನಿಗಳೂ ಆಳುಗಳೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕುಳಿತು ಉಣ್ಣುತ್ತಾರೆ. ರೊಟ್ಟಿಯನ್ನು ಎರಡು ಕೈ ಚಾಚಿ ತೆಗೆದುಕೊಳ್ಳಬೇಕು. ಹಾಕಿಸಿಕೊಂಡದ್ದನ್ನು ಬಿಡಬಾರದು. ಧರ್ಮದ ಊಟ ತಿನ್ನುವುದು ಹೇಗೆ ಎಂದು ನಾವು ಮೊದಲು ಹಿಂಜರಿದೆವು. ಬಳಿಕ ನಮ್ಮ ಹೆಂಗಸರು ರೊಟ್ಟಿ ಲಟ್ಟಿಸುವವರ ಜೊತೆ ಕುಳಿತು ಸ್ವಲ್ಪ ಹೊತ್ತು ಕೈಗೂಡಿಸಿದರು. ಅಲ್ಲಿ ಯಾರು ಬೇಕಾದರೂ ಹಾಗೆ ಸೇವೆ ಮಾಡಬಹುದು.

ಅನ್ನ ಬೇಕೇ ಬೇಕು ಎನ್ನುವವರಿಗೆ ಜಂತರ್ ಮಂತರ್ ರಸ್ತೆಯಲ್ಲಿ ಕೇರಳ ಹೌಸ್ ಉಂಟು. ಅಲ್ಲಿನ ಕ್ಯಾಂಟೀನಿನಲ್ಲಿ ಹೊರಗಿನವರಿಗೂ ನಮ್ಮ ಕಡೆಯ ಊಟ ಸಿಗುತ್ತದೆ. 1956ರಿಂದ ನಮ್ಮ ರಾಜ್ಯ ಕೇರಳ, ಮನೆಮಾತು ಕನ್ನಡ, ತುಳು. ಅಲ್ಲಿ ಕುಳಿತು ನಾವು ಕನ್ನಡದಲ್ಲಿ ಮಾತಾಡುತ್ತಾ ಉಂಡೆವು. ಯಾರೂ ತಿರುಗಿ ನೋಡಲಿಲ್ಲ.

ಇನ್ನು ಇವತ್ತು ಏಳುವ ಮೊದಲು ಮೂರು ಕೆಲಸ ಮುಗಿಸೋಣ. ಒಂದು, ವಾರ, ಹೊತ್ತು, ಜಾಗ, ಊಟ ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ಪ್ರವಾಸದವರಿಂದ ಸಹಿ ಹಾಕಿಸುವುದು. ಎರಡು, ಹಿಂದಿ ಬಲ್ಲ ಇಬ್ಬರನ್ನು, ಅವರಲ್ಲಿ ಒಬ್ಬರು ಹೆಂಗಸರು, ನಮ್ಮ ಪರವಾಗಿ ಮಾತಾಡಲು ಆರಿಸುವುದು. ಮೂರು, ನಿಧಾನ ನಡೆಯುವ ಪ್ರತಿಯೊಬ್ಬರಿಗೆ ಜೊತೆಗಾರರನ್ನು ನೇಮಿಸುವುದು. ಮುಂದೆ ಹೋದವರು ಹಿಂದೆ ಉಳಿದವರಿಗಾಗಿ ಕಾಯಬೇಕು. ಬೆಟ್ಟದಲ್ಲಿ ಸೌದೆ ಹೊತ್ತು ಬರುವಾಗ ನಾವು ಕಾಯುವುದಿಲ್ಲವೋ? ಇಲ್ಲಿಯೂ ಹಾಗೆಯೇ.

ಹೆಸರು ಬರೆಯುವ ಪುಸ್ತಕ ಈ ಮೇಜಿನ ಮೇಲೆ ಉಂಟು. ಮೊದಲನೆಯ ಸಾಲನ್ನು ನಾವು ಖಾಲಿ ಬಿಟ್ಟಿದ್ದೇವೆ. ಅಜ್ಜೀ, ನೀವು ಎದ್ದು ಬರುವುದು ಬೇಡ. ಪುಸ್ತಕವನ್ನು ನಾವೇ ನಿಮ್ಮ ಬಳಿಗೆ ತರುತ್ತೇವೆ. ನಿಮ್ಮ ಹೆಸರು ಬಿದ್ದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಬಂದು ಬರೆಯಲಿ.

ದೇವರು ನಮ್ಮೆಲ್ಲರನ್ನು ಸುಖವಾಗಿ ಕರೆದೊಯ್ದು, ಸುಖವಾಗಿ ಬಾಯಾರಿಗೆ ಮರಳಿ ತರಲಿ.