ಎದುರು ಸೊಲ್ಲು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ, ಕಂಪ್ಯೂಟರ್ ಕ್ಷೇತ್ರದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ ಎಂದಿದ್ದರು. ನಾನು, "ಸಾರ್, ಅದನ್ನು ಹೇಳುವವರು ಬಹಳ ಜನ ಇದ್ದಾರೆ, ನಾನು ಹಾಡಿನ ಬಗ್ಗೆ ಮಾತಾಡಲೇ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಡು ಮಾತ್ರ ಬೇಡ ಮಾರಾಯ, ಮಾತಾದರೆ ಪರವಾಗಿಲ್ಲ" ಎಂದರು. ನನ್ನ ಕಂಠ ಅವರಿಗೆ ಇನ್ನೂ ನೆನಪಿದೆ ಎಂದು ಗೊತ್ತಾಯಿತು.

ನಮ್ಮ ಶಾಲೆಯಲ್ಲಿ ನಮ್ಮ ಕಾಲಕ್ಕೆ ಸಂಗೀತದ ಮೇಷ್ಟ್ರು ಇರಲಿಲ್ಲ, ಹಾರ್ಮೋನಿಯಂ ಇರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಮುಂದೆ ನಿಂತ ಹುಡುಗಿ ಯಾವ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾಳೋ ಅದೇ ಇಡೀ ಶಾಲೆಯ ಶ್ರುತಿ. ಅವಳು ಏರಿಸಿಬಿಟ್ಟರೆ, ಆಗಷ್ಟೇ ಗಂಟಲು ಒಡೆಯುತ್ತಿದ್ದ ಹುಡುಗರ ಪಾಡು ದೇವರಿಗೇ ಪ್ರೀತಿ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, 2004ರ ಜನವರಿಯಲ್ಲಿ, ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' ಅಧಿಕೃತವಾಗಿ ನಾಡಗೀತೆಯಾಯಿತು. ಆ ದಿನ ಕನ್ನಡ ಪಂಡಿತರು ಪಾಠ ಬದಿಗಿಟ್ಟು ಒಂದು ಮಾತು ಹೇಳಿದರು: "ಈ ಹಾಡು ಬರೆದವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಎಲ್ಲಿ ಗೊತ್ತೇನ್ರೋ? ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅವರ ತಾಯಿಯ ತವರುಮನೆಯಲ್ಲಿ." ಅಲ್ಲಿಯವರೆಗೆ ನಮಗೆ ಕುವೆಂಪು ಎಂದರೆ ಕುಪ್ಪಳ್ಳಿ, ಕುಪ್ಪಳ್ಳಿ ಎಂದರೆ ತೀರ್ಥಹಳ್ಳಿಯವರ ಆಸ್ತಿ. ಮರುದಿನ ನಾವು ಹಾಡಿದ ದನಿಯೇ ಬೇರೆಯಾಗಿತ್ತು. ಹಾಡು ಮಾಡಿದವರು ನಮ್ಮ ಹಾಗೇ ಇದೇ ಮಳೆಯಲ್ಲಿ ನೆಂದವರು ಎಂದು ತಿಳಿದರೆ ಹಾಡುವ ಧೈರ್ಯ ಬರುತ್ತದೆ. ಈಗ ಅದಕ್ಕೆ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷದ ಅವಧಿ ಎಂದು 2022ರಲ್ಲಿ ಸರ್ಕಾರ ನಿಗದಿ ಮಾಡಿದೆ. ನಮ್ಮ ಕಾಲದಲ್ಲಿ ಅವಧಿ ಎಷ್ಟು ಎಂಬುದು ಮಳೆಯನ್ನು ಅವಲಂಬಿಸಿತ್ತು.

ಮನೆಯಲ್ಲಿ ನಮಗೆ ಸಂಗೀತವೆಂದರೆ ರೇಡಿಯೋ. ಭದ್ರಾವತಿ ಆಕಾಶವಾಣಿ, 675 ಕಿಲೋಹರ್ಟ್ಸ್. ರೇಡಿಯೋವನ್ನು ಕಿಟಕಿಯ ಬಳಿ ಒಂದು ನಿರ್ದಿಷ್ಟ ಕೋನದಲ್ಲಿ ತಿರುಗಿಸಿಟ್ಟರೆ ಮಾತ್ರ ಸ್ಪಷ್ಟ. ಅದರಲ್ಲಿ ಬರುತ್ತಿದ್ದ ಶಿವಮೊಗ್ಗ ಸುಬ್ಬಣ್ಣನವರ ದನಿ ಕೇಳಿ ಅಮ್ಮ ಒಗ್ಗರಣೆ ಹಾಕುವುದನ್ನು ತಡಮಾಡುತ್ತಿದ್ದಳು. ಅವರು ಹೊಸನಗರ ತಾಲ್ಲೂಕಿನ ನಗರದವರು. ವೃತ್ತಿಯಿಂದ ವಕೀಲರು. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂದಾಗ, ಹಿನ್ನೆಲೆ ಗಾಯನಕ್ಕೆ ಆ ಗೌರವ ಪಡೆದ ಮೊದಲ ಕನ್ನಡಿಗರಾದರು. ಸಿ. ಅಶ್ವಥ್ ಅವರೂ ಹಾಗೆಯೇ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿಯುತ್ತಲೇ ನಾಡಿಗೆಲ್ಲ ಹಾಡು ಕಟ್ಟಿಕೊಟ್ಟರು. ಅವರು ಹುಟ್ಟಿದ್ದು 1939ರ ಡಿಸೆಂಬರ್ 29, ತೀರಿಕೊಂಡದ್ದು 2009ರ ಡಿಸೆಂಬರ್ 29. ಎರಡೂ ಕುವೆಂಪು ಹುಟ್ಟಿದ ದಿನವೇ. ಹಾಡುವುದಕ್ಕೆ ಬೇರೆ ಕೆಲಸ ಬಿಡಬೇಕಾಗಿಲ್ಲ ಎಂದು ಇವರಿಬ್ಬರಿಂದ ನಾನು ತಿಳಿದುಕೊಂಡೆ, ಆದರೆ ಬಹಳ ತಡವಾಗಿ.

ಇನ್ನು ಬಸ್ಸು. ಕೊಪ್ಪದಿಂದ ಶೃಂಗೇರಿಗೋ ನರಸಿಂಹರಾಜಪುರಕ್ಕೋ ಹೋಗುವಾಗ ಬಸ್ಸಿನಲ್ಲಿ ರಾಜ್‌ಕುಮಾರ್ ಹಾಡು ಹಾಕುತ್ತಿದ್ದರು. ಕೆಲವು ಚಾಲಕರು ಕಾಳಿಂಗ ನಾವಡರ ಭಾಗವತಿಕೆಯ ಕ್ಯಾಸೆಟ್ಟು ಹಾಕುತ್ತಿದ್ದರು. ನಾವಡರು 1990ರಲ್ಲಿ, ಮೂವತ್ತೆರಡು ತುಂಬುವ ಮೊದಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ನನಗಾಗ ಒಂದು ವರ್ಷ. ಆದರೂ ಅವರ ದನಿ ನನಗೆ ಗೊತ್ತು. ಆಗ ನಾವು ಹೆಚ್ಚು ಹತ್ತುತ್ತಿದ್ದ ಸಹಕಾರ ಸಾರಿಗೆ ಬಸ್ಸುಗಳು ಇಂದು ಇಲ್ಲ, ಕ್ಯಾಸೆಟ್ಟೂ ಇಲ್ಲ, ದನಿ ಮಾತ್ರ ನನ್ನ ಫೋನಿನಲ್ಲಿದೆ. ಹಾಗಾಗಿ, ಒಮ್ಮೆ ಧ್ವನಿಮುದ್ರಣ ಆಗಿಬಿಟ್ಟರೆ ಹಾಡು ಉಳಿಯಿತು ಎಂದೇ ನಾನು ನಂಬಿದ್ದೆ. ಆ ನಂಬಿಕೆ ಹೇಗೆ ಮುರಿಯಿತು ಎಂದು ಹೇಳಲಿಕ್ಕೇ ಇವತ್ತು ಬಂದದ್ದು.

ನನ್ನ ಅಜ್ಜಯ್ಯ ಅಂಟಿಕೆ ಪಿಂಟಿಕೆಯ ಹಾಡುಗಾರ. ಹಿರಿಯರಿಗೆ ವಿವರಿಸಬೇಕಾಗಿಲ್ಲ, ಮಕ್ಕಳಿಗಾಗಿ ಹೇಳುತ್ತೇನೆ. ದೀಪಾವಳಿಯ ಬಲಿಪಾಡ್ಯದ ರಾತ್ರಿ ದೇವರ ಮುಂದೆ ದೀಪ ಹಚ್ಚಿಕೊಂಡು ತಂಡ ಹೊರಡುತ್ತದೆ. ದೀಪ ಆರಬಾರದು. ಗದ್ದೆಯ ಅಂಚು, ತೋಟದ ಸಂಕ, ಕಾಡಿನ ಒಳದಾರಿಯಲ್ಲಿ ಮನೆಯಿಂದ ಮನೆಗೆ ನಡೆಯಬೇಕು. ಅಂಗಳದಲ್ಲಿ ನಿಂತು ಬಾಗಿಲು ತೆರೆಯುವ ಹಾಡು, ದೀಪದ ಹಾಡು, ಬಲೀಂದ್ರನ ಹಾಡು ಹೇಳಬೇಕು. ಮನೆಯವರು ಆ ಜ್ಯೋತಿಯಿಂದ ತಮ್ಮ ದೀಪ ಹಚ್ಚಿಕೊಂಡು, ತಂಡದ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ದುಡ್ಡು ಕೊಡುತ್ತಾರೆ. ಕೊನೆಗೆ ಹರಕೆಯ ಹಾಡು ಹೇಳಿ ಮುಂದಿನ ಮನೆಗೆ.

ನಮ್ಮ ತಂಡಕ್ಕೆ ವಾದ್ಯವೇನೂ ಇರಲಿಲ್ಲ. ಮುಂದಿನ ಇಬ್ಬರು ಒಂದು ಸಾಲು ಹೇಳುತ್ತಾರೆ, ಹಿಂದಿನವರು ಅದನ್ನು ಎತ್ತಿಕೊಂಡು ಸೊಲ್ಲು ಕೂಡಿಸಿ ಹಿಂದಿರುಗಿಸುತ್ತಾರೆ. ಅಜ್ಜಯ್ಯ ಇದಕ್ಕೆ 'ಎದುರು ಸೊಲ್ಲು' ಎನ್ನುತ್ತಿದ್ದರು. ಹಿಂದಿನವರು ಹೇಳುವ ಹೊತ್ತಿನಲ್ಲೇ ಮುಂದಿನವರು ಉಸಿರು ತೆಗೆದುಕೊಳ್ಳುವುದು, ಮರೆತ ಸಾಲನ್ನು ನೆನಪು ಮಾಡಿಕೊಳ್ಳುವುದು. ರಾತ್ರಿಯಿಡೀ ಹಾಡಬೇಕಾದರೆ ಇನ್ನು ಹೇಗೆ ಸಾಧ್ಯ?

ಎಂಟು, ಒಂಬತ್ತನೇ ತರಗತಿಯಲ್ಲಿ ನಾನೂ ಹಿಂದಿನ ಸಾಲಿನಲ್ಲಿ ಹೋಗಿದ್ದೆ. ಅಕ್ಕಿ ಚೀಲ ನನ್ನ ಹೆಗಲಿಗೆ. ಎರಡನೆಯ ವರ್ಷ ಒಂದು ಮನೆಯ ಬಾಗಿಲು ತೆರೆದಾಗ ಒಳಗಿನಿಂದ ಮೊರದಲ್ಲಿ ಅಕ್ಕಿ ಹಿಡಿದು ಬಂದದ್ದು ನನ್ನ ತರಗತಿಯ ಗೆಳೆಯ. ಅವನು ನಕ್ಕದ್ದು ಸ್ನೇಹದಿಂದಲೇ. ನನಗೆ ಮಾತ್ರ ಭಿಕ್ಷೆಗೆ ನಿಂತ ಹಾಗಾಯಿತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಓದು ಎಂದು ನೆವ ಹೇಳಿ ಹೋಗಲಿಲ್ಲ. ಅಜ್ಜಯ್ಯ ಒಂದು ಮಾತೂ ಆಡಲಿಲ್ಲ. ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡು ಹೊರಟರು. ಆಮೇಲೆ ಪಿಯುಸಿ, ಬಿ.ಇ., ಬೆಂಗಳೂರು. ಅಜ್ಜಯ್ಯನ ಜೋಡಿ ಹಾಡುಗಾರರು ತೀರಿಕೊಂಡರು, ತಂಡ ನಿಂತಿತು.

2016ರ ದೀಪಾವಳಿಗೆ ಬಂದಾಗ ಹೊಸ ಫೋನ್ ಹಿಡಿದು, "ಅಜ್ಜಯ್ಯ, ಹಾಡಿ, ರೆಕಾರ್ಡ್ ಮಾಡ್ತೀನಿ" ಎಂದೆ. "ಎದುರು ಸೊಲ್ಲು ಹೇಳೋರು ಯಾರೋ ಮಾರಾಯ? ಇದು ಒಬ್ನೇ ಹಾಡೋ ಹಾಡಲ್ಲ" ಎಂದರು. ನಾನು ಬಿಡಲಿಲ್ಲ. ಜಗಲಿಯಲ್ಲಿ ಕೂತು ಹನ್ನೊಂದು ನಿಮಿಷ ಹಾಡಿದರು. ಪ್ರತಿ ಸಾಲು ಮುಗಿದ ಮೇಲೆ ಸುಮ್ಮನಾಗುತ್ತಿದ್ದರು. ಮರೆತುಹೋಗಿದೆ ಪಾಪ ಎಂದುಕೊಂಡೆ.

ಬೆಂಗಳೂರಿಗೆ ಹೋಗಿ ನನ್ನ ವಿದ್ಯೆ ತೋರಿಸಿದೆ. ಸಾಫ್ಟ್‌ವೇರಿನಲ್ಲಿ ಆ ಮೌನವನ್ನೆಲ್ಲ ಕತ್ತರಿಸಿ, ಹನ್ನೊಂದು ನಿಮಿಷವನ್ನು ಆರು ನಿಮಿಷಕ್ಕೆ ಇಳಿಸಿ, ಚೊಕ್ಕಟ ಮಾಡಿ ಮನೆಯವರಿಗೆಲ್ಲ ಕಳಿಸಿದೆ. ಎಲ್ಲರೂ ಮೆಚ್ಚಿದರು. ಅಪ್ಪ ಮಾತ್ರ ಫೋನ್ ಮಾಡಿ, "ಇದೇನೋ, ಅಜ್ಜಯ್ಯಂಗೆ ಉಸಿರು ಬಿಡ್ಲಿಕ್ಕೇ ಜಾಗ ಇಟ್ಟಿಲ್ವಲ್ಲ" ಎಂದರು. ಆಗಲೂ ಅರ್ಥವಾಗಲಿಲ್ಲ.

2019ರಲ್ಲಿ ಅಜ್ಜಯ್ಯ ಹೋದರು. ಕೆಲವು ತಿಂಗಳ ನಂತರ ಒಂದು ರಾತ್ರಿ ಮೂಲ ಧ್ವನಿಮುದ್ರಣವನ್ನು ಹುಡುಕಿ ತೆಗೆದು ಕೇಳಿದೆ. ಪುಣ್ಯಕ್ಕೆ ಅಳಿಸಿರಲಿಲ್ಲ. ಒಂದು ಸಾಲು, ಆಮೇಲೆ ಮೌನ. ಮತ್ತೊಂದು ಸಾಲು, ಮತ್ತೆ ಮೌನ. ಎಲ್ಲ ಮೌನವೂ ಹೆಚ್ಚುಕಡಿಮೆ ಒಂದೇ ಅಳತೆ. ಅವರು ಏನನ್ನೂ ಮರೆತಿರಲಿಲ್ಲ. ಎದುರು ಸೊಲ್ಲಿಗೆ ಜಾಗ ಬಿಟ್ಟು ಕಾಯುತ್ತಿದ್ದರು. ಎದುರಿಗೆ ಕೂತಿದ್ದವನು ನಾನು. ಎರಡು ವರ್ಷ ಆ ಸೊಲ್ಲನ್ನು ಹೇಳಿದವನು. ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಾಯಿ ಮುಚ್ಚಿಕೊಂಡು ಫೋನ್ ಹಿಡಿದುಕೊಂಡಿದ್ದೆ. ಈಗ ನೆನಪಿಸಿಕೊಳ್ಳಲು ಹೋದರೆ ಅರ್ಧ ಬರುತ್ತದೆ, ಅರ್ಧ ಬರುವುದಿಲ್ಲ.

ಕಳೆದ ದೀಪಾವಳಿಗೆ ಪಕ್ಕದ ಊರಿನ ತಂಡದವರನ್ನು ಕೇಳಿಕೊಂಡು ಹಿಂದಿನ ಸಾಲಿನಲ್ಲಿ ಸೇರಿಕೊಂಡೆ. ಮೂರನೆಯ ಮನೆಯಲ್ಲಿ ಸೊಲ್ಲು ತಪ್ಪಿದೆ. ಮುಂದಿದ್ದ ಹಿರಿಯರು ತಿರುಗಿ ನೋಡಲಿಲ್ಲ, ಅದೇ ಸಾಲನ್ನು ಇನ್ನೊಮ್ಮೆ ಹೇಳಿ ನನಗೆ ದಾರಿ ಮಾಡಿಕೊಟ್ಟರು. ಬೆಳಗಿನ ಜಾವದ ಹೊತ್ತಿಗೆ ಸುಮಾರು ಹಿಡಿತಕ್ಕೆ ಬಂತು. ಅಕ್ಕಿ ಚೀಲ ನಾನೇ ಕೇಳಿ ಹೆಗಲಿಗೆ ಹಾಕಿಕೊಂಡೆ. ಆ ಹಿಂದೆ ಮೊರ ಹಿಡಿದು ಬಂದಿದ್ದ ಗೆಳೆಯ ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾನೆ. ಈ ವರ್ಷ ಅವನೂ ಬರುತ್ತೇನೆ ಎಂದಿದ್ದಾನೆ. ಇಷ್ಟು ಜನರ ಮುಂದೆ ಹೇಳಿದ್ದೇನೆ, ಇನ್ನು ತಪ್ಪಿಸಿಕೊಳ್ಳಲಾರ.

ಮಕ್ಕಳೇ, ನಿಮ್ಮ ಮನೆಯಲ್ಲಿ ನಾಟಿಯ ಹಾಡು, ಸೋಬಾನೆ ಪದ, ಭಜನೆ, ಅಂಟಿಕೆ ಪಿಂಟಿಕೆ, ಏನನ್ನೇ ಆಗಲಿ ಹಾಡುವ ಅಜ್ಜಿ, ಅಜ್ಜಯ್ಯ ಇದ್ದರೆ ಖಂಡಿತ ರೆಕಾರ್ಡ್ ಮಾಡಿಕೊಳ್ಳಿ. ಬೇಡ ಎನ್ನುವುದಿಲ್ಲ, ಅದು ನನ್ನ ಕಸುಬು. ಆದರೆ ಫೋನನ್ನು ಪಕ್ಕದ ಮಣೆಯ ಮೇಲಿಟ್ಟು ನೀವೂ ಜೊತೆಗೆ ದನಿ ಸೇರಿಸಿ. ರಾಗ ಕೆಟ್ಟರೂ ಚಿಂತೆಯಿಲ್ಲ, ನನ್ನಷ್ಟು ಕೆಡಲಾರದು.

ಅಜ್ಜಯ್ಯನ ಹನ್ನೊಂದು ನಿಮಿಷದ ಮೂಲ ಪ್ರತಿಯನ್ನು ಇಂದು ಬೆಳಿಗ್ಗೆ ಶಾಲೆಯ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದೇನೆ. ಕತ್ತರಿಸದ ಪ್ರತಿ. ಮಧ್ಯೆ ಖಾಲಿ ಬಂದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ನಿಮ್ಮ ಸರದಿ. ಸೊಲ್ಲು ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ದೀಪಾವಳಿಗೆ ನಮ್ಮ ಜೊತೆ ಬನ್ನಿ.



– ಹಳೆಯ ವಿದ್ಯಾರ್ಥಿ, 2005ರ ಎಸ್ಸೆಸ್ಸೆಲ್ಸಿ ತಂಡ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು