ಅಶ್ವಿನಿ ಮಳೆಗೆ ಮೊದಲು ಒಂದು ಭಾನುವಾರ: ಬಿರುಗಾಳಿಯಿಂದ ಮನೆ, ಮರ, ಬಾಳೆ ಉಳಿಸಿಕೊಳ್ಳೋದು ಹೇಗೆ?



ಯುಗಾದಿ ಕಳೀತು ಅಂದ್ರೆ ನಮ್ಮ ನಂಜನಗೂಡು, ತಿ. ನರಸೀಪುರದ ಕಡೆ ಜನ ಸಂಜೆ ಹೊತ್ತು ಆಕಾಶ ನೋಡೋಕೆ ಶುರು ಮಾಡ್ತಾರೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ಆಮೇಲೆ ಭರಣಿ, ಮೇ ತಿಂಗಳಲ್ಲಿ ಕೃತ್ತಿಕೆ. ಹೊಲ ಉಳೋಕೆ ಈ ಮಳೆ ಬೇಕೇ ಬೇಕು. ಆದ್ರೆ ಜೊತೆಗೆ ಗಾಳಿಯನ್ನೂ ತರುತ್ತೆ. ಕಾದ ನೆಲದ ಬಿಸಿಗಾಳಿ ಮೇಲೇರಿ ಮೋಡ ಕಟ್ಟುತ್ತೆ. ಮಳೆ ಸುರಿಯೋಕೆ ಶುರುವಾದಾಗ ಮೋಡದೊಳಗಿನ ತಣ್ಣನೆ ಗಾಳಿ ಕೆಳಗಿಳಿದು, ನೆಲಕ್ಕೆ ಬಡಿದು, ನಾಲ್ಕೂ ಕಡೆ ನುಗ್ಗುತ್ತೆ. ಕೆಲವೇ ನಿಮಿಷ ಅಷ್ಟೆ. ಅಷ್ಟರಲ್ಲೇ ಶೀಟ್ ಹಾರಿರುತ್ತೆ, ತೆಂಗು ಉರುಳಿರುತ್ತೆ, ಗೊನೆ ಬಿಟ್ಟ ಬಾಳೆ ಸಾಲಾಗಿ ಮಲಗಿರುತ್ತೆ.

'ಪರಿಹಾರ ಬರುತ್ತೆ ಬಿಡು' ಅಂತಾರೆ. ಲೆಕ್ಕ ಹಾಕೋಣ. 2022ರಿಂದ 2026ರವರೆಗಿನ ಕೇಂದ್ರದ ಮಾರ್ಗಸೂಚಿ ಪ್ರಕಾರ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಅದೂ ಶೇ 33ಕ್ಕಿಂತ ಹೆಚ್ಚು ಹಾಳಾಗಿದ್ರೆ. ಎಕರೆಗೆ 6,900 ರೂಪಾಯಿ ಹತ್ತಿರ. ಎಕರೆಗೆ ಸಾವಿರ ಬಾಳೆ ಅಂದ್ಕೊಂಡ್ರೆ, ಒಂದು ಗಿಡಕ್ಕೆ 7 ರೂಪಾಯಿಗೂ ಕಮ್ಮಿ! ರಾಜ್ಯ ಸರ್ಕಾರ ಒಮ್ಮೊಮ್ಮೆ ಮೇಲೆ ಸ್ವಲ್ಪ ಸೇರಿಸುತ್ತೆ. ಆದರೂ ಒಂದು ರಸಬಾಳೆ ಗೊನೆಯ ಬೆಲೆಗೆ ಇದು ಯಾವ ಮೂಲೆಗೆ? ಅದಕ್ಕೇ ನಾನು ಹೇಳೋದು, ಗಾಳಿ ಬರೋಕೆ ಮೊದಲು ಮಾಡುವ ಒಂದು ದಿನದ ಕೆಲಸವೇ ನಿಜವಾದ ಪರಿಹಾರ.

ಮೊದಲು ಮನೆ. ಜೋರು ಗಾಳಿ ಶೀಟನ್ನು ಮೇಲಕ್ಕೆ ಸೆಳೆಯುತ್ತೆ. ಸೂರಿನ ಕೆಳಗಿಂದ ನುಗ್ಗಿದ ಗಾಳಿಯೂ ಒಳಗಿಂದ ಎತ್ತುತ್ತೆ. ಈ ಸೆಳೆತ ಅಂಚು ಮತ್ತು ಮೂಲೆಗಳಲ್ಲಿ ಜಾಸ್ತಿ. ನಮ್ಮಲ್ಲಿ ಶೀಟ್ ಮೇಲೆ ಕಲ್ಲು ಹೇರೋದು ರೂಢಿ. ಶೀಟ್ ಎದ್ದರೆ ಆ ಕಲ್ಲು ಬೀಳೋದು ಮಲಗಿರೋ ಮಕ್ಕಳ ಮೇಲೆ. ಕಲ್ಲು ಇಳಿಸಿ. ಸಡಿಲವಾದ, ತುಕ್ಕು ಹಿಡಿದ ಬೋಲ್ಟ್ ಬದಲಾಯಿಸಿ, ಅಂಚಿನಲ್ಲಿ ಹತ್ತಿರ ಹತ್ತಿರ ಹಾಕಿಸಿ. ಶೀಟ್ ಕೂತಿರೋ ಪೈಪು ಗೋಡೆಗೆ ಗಟ್ಟಿಯಾಗಿ ಕಚ್ಚಿಕೊಂಡಿದೆಯಾ ಅಂತಲೂ ನೋಡಿ. ಇಲ್ಲಾ ಅಂದ್ರೆ ಪೈಪಿನ ಸಮೇತ ಹಾರಿಹೋಗುತ್ತೆ.

ಇನ್ನು ಮರ. ಪಕ್ಕದೂರಲ್ಲಿ ಮನೆ ಮೇಲೆ ಮರ ಬಿತ್ತು ಅಂದ ತಕ್ಷಣ ಇದ್ದಬದ್ದ ಮರಕ್ಕೆಲ್ಲ ಕೊಡಲಿ ಹಾಕೋರಿದ್ದಾರೆ. ದಯವಿಟ್ಟು ತಡೀರಿ. ಮರದ ಸಾಲೊಂದು ತನ್ನ ಎತ್ತರದ ಸುಮಾರು ಹತ್ತರಷ್ಟು ದೂರದವರೆಗೂ ಗಾಳಿಯ ಜೋರು ತಗ್ಗಿಸುತ್ತೆ. ಅದನ್ನು ಕಡಿದರೆ ಗಾಳಿ ನೇರ ನಿಮ್ಮ ಶೀಟಿಗೇ ಬರುತ್ತೆ. ಮರದ ತಲೆ ಬೋಳು ಹೊಡೆಯೋದೂ ಬೇಡ. ಅಲ್ಲಿ ಚಿಗುರೋ ಕೊಂಬೆಗೆ ಹಿಡಿತ ಇರಲ್ಲ, ಕೆಲವು ವರ್ಷ ಬಿಟ್ಟು ಅದೇ ಮುರಿದು ಬೀಳುತ್ತೆ.

ಹಾಗಾದ್ರೆ ಯಾವ ಮರ ಅಪಾಯ? ಬುಡ ಟೊಳ್ಳಾದದ್ದು, ಹೊಸದಾಗಿ ವಾಲಿದ್ದು, ಚರಂಡಿಗೋ ಪೈಪ್‌ಲೈನಿಗೋ ಒಂದು ಕಡೆ ಬೇರು ಕತ್ತರಿಸಿಕೊಂಡದ್ದು. ತೆಂಗಿನ ಕಾಂಡದಲ್ಲಿ ತೂತು ಕಂಡು, ಕಂದು ರಸ ಸೋರ್ತಿದ್ರೆ ಒಳಗೆ ಕೆಂಪುಮೂತಿ ಹುಳು ಇರಬಹುದು, ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ. ಒಣ ಕೊಂಬೆ, ಒಣ ಗರಿ ತೆಗೆಸಿದ್ರೆ ಅಪಾಯ ಕಮ್ಮಿ. ಕರೆಂಟ್ ತಂತಿಗೆ ತಾಗೋ ಕೊಂಬೆಯನ್ನು ಮಾತ್ರ ನೀವೇ ಮುಟ್ಟಬೇಡಿ, ಸೆಸ್ಕ್‌ನವರಿಗೆ ಹೇಳಿ. ರಸ್ತೆ ಬದಿ ಮರ ಕಡಿಯೋಕೆ ಅರಣ್ಯ ಇಲಾಖೆ ಅನುಮತಿ ಬೇಕು.

ಬಾಳೆಗೆ ಕಾಂಡ ಅಂತ ಕಾಣೋದು ಎಲೆಯ ಪಟ್ಟೆಗಳ ಸುತ್ತು. ಮೇಲೆ ಗೊನೆಯ ಭಾರ, ಕೆಳಗೆ ನೆನೆದ ಮಣ್ಣು. ಗೊನೆ ಬಿಟ್ಟ ಗಿಡಕ್ಕೆ ಬಿದಿರು ಇಲ್ಲವೇ ಸರ್ವೆ ಕೋಲಿನ ಊರೆ ಕೊಡಿ, ಸಾಲಿನ ಗಿಡಗಳನ್ನ ಹಗ್ಗದಲ್ಲಿ ಒಂದಕ್ಕೊಂದು ಬಿಗೀರಿ, ಬುಡಕ್ಕೆ ಮಣ್ಣು ಏರಿಸಿ. ತೋಟದ ಅಂಚಿಗೆ ಅಗಸೆ ಸಾಲು ಹಾಕಿದ್ರೆ ಮುಂದಿನ ವರ್ಷಕ್ಕೆ ಗಾಳಿತಡೆ, ಜೊತೆಗೆ ಮೇಕೆಗೆ ಸೊಪ್ಪು.

ಗುಡುಗು ಕೇಳಿಸ್ತಾ? ಮರದಡಿ ನಿಲ್ಲಬೇಡಿ, ಪಂಪ್‌ಸೆಟ್ ಆಫ್ ಮಾಡೋಕೂ ಹೊಲಕ್ಕೆ ಓಡಬೇಡಿ. ಮೊಬೈಲ್‌ನಲ್ಲಿ 'ದಾಮಿನಿ' ಆ್ಯಪ್ ಇದ್ರೆ ಹತ್ತಿರದಲ್ಲಿ ಸಿಡಿಲಿನ ಅಪಾಯ ಇದೆಯಾ ಅಂತ ಅದು ಹೇಳುತ್ತೆ. ತಂತಿ ತುಂಡಾಗಿ ಬಿದ್ದಿದ್ರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಮಾಡಿದ ಮೇಲೂ ಹಾನಿ ಆದ್ರೆ, ತೆರವು ಮಾಡೋಕೆ ಮೊದಲು ಫೋಟೊ, ವಿಡಿಯೊ ತಗೊಳ್ಳಿ. ಅವತ್ತೇ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನ ಈಗಲೇ ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ. ಕೊಡೋದು ಕಮ್ಮಿ ಇರಬಹುದು, ಅದನ್ನೂ ಯಾಕೆ ಬಿಡಬೇಕು?

ಬೆಂಗಳೂರಲ್ಲೋ ಮೈಸೂರಲ್ಲೋ ಕೆಲಸ ಮಾಡ್ತಾ ಇದನ್ನ ಕೇಳ್ತಿರೋರಿಗೆ ಒಂದು ಮಾತು. ಊರಲ್ಲಿ ಶೀಟ್ ಮೇಲೆ ಹತ್ತೋದು ನಿಮ್ಮ ಅಪ್ಪ. ಅವರಿಗೆ ವಯಸ್ಸಾಗಿದೆ. ಈ ಭಾನುವಾರ ಬಸ್ ಹತ್ತಿ, ಕೆಲಸ ಗೊತ್ತಿರೋರನ್ನ ಕರೆಸಿ ನೀವೇ ನಿಂತು ಮಾಡಿಸಿ.