ಅಟ್ಟವಿಲ್ಲದ ಮನೆಗಳು

ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳನ್ನು ದಾಟಿ ಅರಸೀಕೆರೆಯ ಕಡೆಗೆ ಸಾಗುವ ರೈಲುಹಾದಿಯಲ್ಲಿ ಅಮ್ಮಸಂದ್ರವಿದೆ. ಅದು ನನ್ನ ಹುಟ್ಟೂರು. ಮೈಸೂರು ಸಿಮೆಂಟ್ಸ್ ಕಂಪೆನಿ ಸ್ಥಾಪನೆಯಾದದ್ದು 1958ರಲ್ಲಿ. ನಮ್ಮೂರಿನ ಕಾರ್ಖಾನೆ ಸಿಮೆಂಟು ತಯಾರಿಸತೊಡಗಿದ್ದು 1962ರಲ್ಲಿ. ಅದರ ಮಗ್ಗುಲಲ್ಲಿ ಆದಿತ್ಯಪಟ್ಟಣವೆಂಬ ನೌಕರರ ಬಡಾವಣೆ ಎದ್ದಿತು. ಸಂತೆಯಲ್ಲಿ ಹಿಂದಿ, ತಮಿಳು, ತೆಲುಗು ಕಿವಿಗೆ ಬೀಳತೊಡಗಿದವು. ತೋಟದ ಆಳುಗಳೂ ಪಾಳಿಯ ಲೆಕ್ಕದಲ್ಲಿ ಹೊತ್ತು ಹೇಳುವುದನ್ನು ಕಲಿತರು.

ಊರು ಬದಲಾದದ್ದು ಹೊರಗಿನವರು ಬಂದುದರಿಂದ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಬದಲಾವಣೆಯು ನಮ್ಮ ಮನೆಗಳ ಮೇಲ್ಛಾವಣಿಯಿಂದ ಇಳಿದು ಬಂದಿತು.

ನಮ್ಮ ಸೀಮೆಯಲ್ಲಿ ಕೆಡವಿದ ಕಾಯಿಯನ್ನು ಸಿಪ್ಪೆಸಹಿತವಾಗಿಯೇ ಅಟ್ಟಕ್ಕೆ ಏರಿಸುತ್ತಿದ್ದರು. ಹತ್ತು ಹನ್ನೊಂದು ತಿಂಗಳು, ಕೆಲವೊಮ್ಮೆ ಒಂದು ವರ್ಷವೇ, ಅದು ಅಲ್ಲಿರಬೇಕು. ಮಳೆಗಾಲದಲ್ಲಿ ಕೆಳಗಿನ ಒಲೆಯ ಬಿಸಿ ಅದನ್ನು ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲುಗಿಸಿದರೆ ಲೊಟಲೊಟ ಸದ್ದಾಗಬೇಕು. ಆಗ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಸಾಗಿಸುವುದು. ಮಗಳ ಮದುವೆ, ಮಗನ ಓದು, ಸಾಲದ ಕಂತು ಎಲ್ಲವೂ ತಲೆಯ ಮೇಲೆಯೇ ಒಣಗುತ್ತಿದ್ದವು. ಬೆಲೆ ಕುಸಿದರೆ ಇನ್ನಷ್ಟು ದಿನ ಕಾಯುವ ಧೈರ್ಯವನ್ನೂ ಅಟ್ಟವೇ ಕೊಡುತ್ತಿತ್ತು.

ಸಿಮೆಂಟು ಬಂದಿತು, ಹೆಂಚು ಇಳಿಯಿತು, ತಾರಸಿ ಏರಿತು. ತಾರಸಿಯ ಮನೆಗೆ ಅಟ್ಟವಿಲ್ಲ. ಗ್ಯಾಸಿನ ಒಲೆಗೆ ಹೊಗೆಯಿಲ್ಲ. ಅಡುಗೆಮನೆಯ ಹೆಂಗಸರ ಕಣ್ಣುರಿ ತಪ್ಪಿತೆಂಬುದನ್ನು ನಾನು ಮರೆಯಲಾರೆ. ಉಳ್ಳವರು ತೋಟದಲ್ಲಿ ಕೊಬ್ಬರಿಗೆಂದೇ ಶೆಡ್ಡು ಹಾಕಿಸಿದರು. ಇಲ್ಲದವರು ಎಳನೀರಿನ ಲಾರಿಗೋ, ಹಸಿಕಾಯಿಯ ವ್ಯಾಪಾರಿಗೋ ಮಾಲು ಕೊಟ್ಟು ಅಂದೇ ಹಣ ಎಣಿಸಿಕೊಂಡರು. ಒಂದು ವರ್ಷ ಕಾಯಲು ಮನೆಯಲ್ಲಿ ಯಾರಾದರೂ ಇರಬೇಕಲ್ಲವೇ? ಮಕ್ಕಳೆಲ್ಲ ಅದೇ ರೈಲು ಹತ್ತಿ ಬೆಂಗಳೂರಿಗೆ ಹೋದರು. ಹೋದವರಲ್ಲಿ ನಾನೂ ಒಬ್ಬ.

ಕಾರ್ಖಾನೆಯ ಒಡೆತನವೂ 2006ರಲ್ಲಿ ಜರ್ಮನಿಯ ಹೈಡೆಲ್ಬರ್ಗ್ ಸಿಮೆಂಟ್ ಸಂಸ್ಥೆಗೆ ಸೇರಿತು. 2009ರಲ್ಲಿ ಹೆಸರೂ ಬದಲಾಯಿತು. ಊರ ಹಿರಿಯರ ಬಾಯಲ್ಲಿ ಅದು ಇಂದಿಗೂ ಬರಿಯ 'ಫ್ಯಾಕ್ಟರಿ'.

ನಮ್ಮ ಹೆಂಚಿನ ಮನೆಯನ್ನು ಕೆಡವುವ ಮಾತು ಬಂದಾಗ ಅವ್ವ ಕೇಳಿದ್ದು ಒಂದೇ: "ಕಾಯಿ ಎಲ್ಲಿಗೆ ಹಾಕ್ತೀಯಪ್ಪಾ?" ಅವ್ವ ಈಗಿಲ್ಲ. ಮನೆಯನ್ನು ಹೋದ ವರ್ಷ ಕೆಡವಿದೆವು. ಅಟ್ಟದ ತೊಲೆಗಳನ್ನು ಮಾರುವುದೋ ಇಟ್ಟುಕೊಳ್ಳುವುದೋ ಎಂದು ಅಣ್ಣ ಮೊನ್ನೆ ಮತ್ತೆ ಕೇಳಿದ್ದಾರೆ. ನಾನಿನ್ನೂ ಉತ್ತರ ಹೇಳಿಲ್ಲ.